ಅರ್ನಾಲ್ಡ್ ಹೆಸ್ಕೆತ್‌ನ ನೀಲಿ ಸಿಲಿಂಡರು

ಅರ್ನಾಲ್ಡ್ ಹೆಸ್ಕೆತ್ ಜೀವನದಲ್ಲಿ ಒಂದು ತಪ್ಪೂ ಮಾಡಿದವನಲ್ಲ. ಹಾಗಂತ ಅವನೇ ಹೇಳುತ್ತಿದ್ದ, ಕೇಳಿದವರಿಗೂ ಕೇಳದವರಿಗೂ. ಬ್ರ್ಯಾಡ್‌ಫರ್ಡ್ ನಗರದ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುತ್ತ ಆಯುಷ್ಯ ಸವೆಸಿದವನು. ಇನ್ನೊಬ್ಬರ ತಪ್ಪು ಹಿಡಿಯುವುದಕ್ಕೇ ಸಂಬಳ ಸಿಗುತ್ತಿದ್ದವನಿಗೆ ತನ್ನದನ್ನು ನೋಡಿಕೊಳ್ಳಲು ಬಿಡುವೆಲ್ಲಿ? ನಿವೃತ್ತನಾದ ಮೇಲೆ ಮನೆ ಮಾರಿ, ಗಾರ್‌ಗ್ರೇವ್ ಹಳ್ಳಿಯ ಪಕ್ಕದ ಕಾಲುವೆಯಲ್ಲಿ ರೈಲು ಡಬ್ಬಿಯಂಥ ಉದ್ದನೆಯ, ಇಕ್ಕಟ್ಟಿನ ದೋಣಿಯೊಂದನ್ನು ಕೊಂಡ. ಹೆಂಡತಿ ಮೇವಿಸ್‌ಳೊಂದಿಗೆ ಅದರಲ್ಲೇ ಸಂಸಾರ ಹೂಡಿದ.

ದೋಣಿಯ ಮೂತಿಯಲ್ಲಿದ್ದ ಕಬ್ಬಿಣದ ಪೆಟ್ಟಿಗೆಯೊಳಗೆ ಅಡುಗೆ ಗ್ಯಾಸಿನ ಸಿಲಿಂಡರು ಕೂರುತ್ತದೆ. ಕಾಲುವೆಯ ಮೇಲೆ ಬದುಕುವವರಿಗೆ ಗ್ಯಾಸಿನಲ್ಲಿ ಎರಡು ಜಾತಿ: ನೀಲಿ ಸಿಲಿಂಡರಿನ ಬ್ಯೂಟೇನ್, ಕೆಂಪು ಸಿಲಿಂಡರಿನ ಪ್ರೊಪೇನ್. ಬೇಸಿಗೆಯಲ್ಲಿ ಎರಡೂ ಒಂದೇ ನಿಷ್ಠೆಯಿಂದ ಚಹಾ ಕಾಯಿಸುತ್ತವೆ. ಆದರೆ ನೀರು ಹೆಪ್ಪುಗಟ್ಟುವ ಚಳಿ ಬಂತೆಂದರೆ ನೀಲಿಯದು ಸಿಲಿಂಡರಿನ ತಳದಲ್ಲಿ ದ್ರವವಾಗಿ ಮುದುಡಿ ಕೂತುಬಿಡುತ್ತದೆ, ಏನು ಮಾಡಿದರೂ ಮೇಲೇಳುವುದಿಲ್ಲ. ಕೆಂಪಿನದಕ್ಕೆ ಅಂಥ ಸೋಮಾರಿತನವಿಲ್ಲ. ಈ ಸಂಗತಿ ಕಾಲುವೆಯ ಬಾತುಕೋಳಿಗಳಿಗೂ ಗೊತ್ತಿದ್ದುದರಿಂದ ವರ್ಷವಿಡೀ ದೋಣಿಯಲ್ಲೇ ಇರುವವರು ಕೆಂಪನ್ನೇ ಇಟ್ಟುಕೊಳ್ಳುತ್ತಿದ್ದರು. ದೋಣಿಯ ಹಿಂದಿನ ಮಾಲೀಕ ಬೇಸಿಗೆಯಲ್ಲಷ್ಟೇ ಬಂದುಹೋಗುವ ಗಿರಾಕಿ. ಅವನು ಬಿಟ್ಟುಹೋದದ್ದು ನೀಲಿ. ಅರ್ನಾಲ್ಡ್ ಆ ಆಕಸ್ಮಿಕವನ್ನೇ ಸಿದ್ಧಾಂತ ಮಾಡಿಕೊಂಡ.

"ಕೆಂಪು ಸಿಲಿಂಡರ್ ಯಾರು ಇಟ್ಕೋತಾರೆ ಹೇಳು?" ಎಂದು ಅವನು ಪಕ್ಕದ ದೋಣಿಯ ಗ್ವಿಲಿಮ್ ಪ್ರಾಸರ್‌ನನ್ನು ಕೇಳುತ್ತಿದ್ದ. "ರಸ್ತೆಗೆ ಟಾರು ಹಾಕೋರು. ಮರ್ಯಾದಸ್ಥರ ಅಡುಗೆಮನೇಲಿ ಇರೋದು ನೀಲಿ."

ಗ್ವಿಲಿಮ್ ವೇಲ್ಸ್ ಕಡೆಯವನು, ಹೆಂಡತಿಯಿಲ್ಲದ ದಢೂತಿ ಆಳು, ಭಾನುವಾರ ಸಣ್ಣ ಚರ್ಚಿನಲ್ಲಿ ಹಾಡುವವನು, ಉಳಿದ ದಿನ ಎಲ್ಲೆಂದರಲ್ಲಿ ಹಾಡುವವನು. "ನಿನ್ನ ಮರ್ಯಾದೆ ಜನವರೀಲಿ ಉರಿಯತ್ತಾ ಅಂತ ನೋಡೋಣ ಬಿಡು ಮಾರಾಯ," ಎನ್ನುತ್ತಿದ್ದ.

ಮೊದಲ ಕೆಲವು ಚಳಿಗಾಲಗಳು ಅರ್ನಾಲ್ಡ್‌ನ ಮುಖ ನೋಡಿಯೋ ಏನೋ ಮೆತ್ತಗೆ ಕಳೆದವು. ಪ್ರತಿ ವಸಂತದಲ್ಲೂ ಆತ ಗ್ವಿಲಿಮ್‌ನ ಕಿಟಕಿಯ ಮುಂದೆ ನಿಂತು, ಹವಾಮಾನವನ್ನು ತಾನೇ ಗೆದ್ದವನಂತೆ, "ಏನಯ್ಯಾ, ಉರೀತಲ್ಲ?" ಎಂದು ಕೇಳಿ ಹೋಗುತ್ತಿದ್ದ.

ಆಮೇಲೆ ನಿಜವಾದ ಚಳಿಗಾಲ ಬಂತು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಕಾಲುವೆ ಗಾಜಿನ ಹಲಗೆಯಾಗಿದೆ, ಬಾತುಕೋಳಿಗಳು ನಡೆದುಕೊಂಡು ಓಡಾಡುತ್ತಿವೆ. ಮೇವಿಸ್ ಒಲೆ ಹಚ್ಚಿದಳು. ಜ್ವಾಲೆ ಒಮ್ಮೆ ಕಣ್ಣು ಬಿಟ್ಟು, ಇವರನ್ನು ನೋಡಿ ಬೇಸರವಾದಂತೆ ಮುಚ್ಚಿಕೊಂಡಿತು.

"ಗ್ಯಾಸು ಮುಗೀತಾ?" ಎಂದಳು.

"ಮುಗಿದಿಲ್ಲ. ವಿಶ್ರಾಂತಿ ತಗೋತಿದೆ."

"ಪಾಪ, ದಣಿದಿರಬೇಕು. ಅಲ್ಲೀವರೆಗೆ ಚಹಾ?"

ಒಳಗೆ ಬೆಚ್ಚಗಿರಲೆಂದು ಒಂದು ಕಲ್ಲಿದ್ದಲಿನ ಒಲೆ ಇತ್ತು. ಅದರ ಮೇಲೆ ಕೆಟಲ್ ಇಟ್ಟರೆ ನೀರು ಮನಸ್ಸು ಮಾಡುವಷ್ಟರಲ್ಲಿ ಊಟದ ಹೊತ್ತಾಗುತ್ತಿತ್ತು. ಅರ್ನಾಲ್ಡ್ ಸಿಲಿಂಡರಿಗೆ ತನ್ನ ಹಳೆಯ ಇನ್‌ಸ್ಪೆಕ್ಟರ್ ಕೋಟು ಹೊದಿಸಿದ. ಅದಕ್ಕೂ ಮಣಿಯಲಿಲ್ಲ. ಸಿಲಿಂಡರನ್ನೇ ಒಳಗೆ ತಂದು ಬೆಚ್ಚಗೆ ಕೂರಿಸೋಣ ಎಂದಾಗ ಮೇವಿಸ್ ಬಾಗಿಲಿಗೆ ಅಡ್ಡ ನಿಂತಳು. ಸೋರಿದ ಗ್ಯಾಸು ದೋಣಿಯ ತಳಕ್ಕಿಳಿದು ಕೂರುತ್ತದೆ, ಒಂದು ಕಿಡಿ ಸಾಕು. ಇದನ್ನು ತಿಳಿಯದ ದೋಣಿಯವರಿಲ್ಲ. "ಅದು ಒಳಗೆ ಬಂದ್ರೆ ನಾನು ಹೊರಗೆ. ಯಾರು ಬೇಕು ನೋಡ್ಕೋ," ಎಂದಳು. ಅರ್ನಾಲ್ಡ್ ಉತ್ತರ ಕೊಡಲು ತೆಗೆದುಕೊಂಡ ಸಮಯವನ್ನು ಅವಳು ಬಹಳ ದಿನ ನೆನಪಿಟ್ಟುಕೊಂಡಳು.

ಚಳಿಗಿಂತ ದೊಡ್ಡ ಕಷ್ಟವೆಂದರೆ ಗ್ವಿಲಿಮ್‌ಗೆ ಗೊತ್ತಾಗದಂತೆ ನೋಡಿಕೊಳ್ಳುವುದು. ಆದ್ದರಿಂದ ಅರ್ನಾಲ್ಡ್ ದಿನಾ ಬೆಳಿಗ್ಗೆ ತಣ್ಣೀರು ತುಂಬಿದ ಕಪ್ಪು ಹಿಡಿದು ದೋಣಿಯ ಹಿಂಬದಿಗೆ ಬಂದು, ಅದನ್ನು ಊದಿ ಊದಿ, "ಆಹಾ, ನಾಲಿಗೆ ಸುಟ್ಟಿತು," ಎನ್ನುತ್ತಿದ್ದ. ಗ್ವಿಲಿಮ್ ಹುರಿದ ಹಂದಿಮಾಂಸದ ಘಮ ಹೊತ್ತುಕೊಂಡೇ ಹೊರಗೆ ಬಂದು, "ಹುಷಾರಪ್ಪಾ, ನಿಧಾನಕ್ಕೆ ಕುಡಿ," ಎಂದು ಗಂಭೀರವಾಗಿ ಹೇಳುತ್ತಿದ್ದ.

ಮೇವಿಸ್‌ಗೆ ಆ ದಿನಗಳಲ್ಲಿ ಬೆಳಗಿನ ವಾಯುವಿಹಾರದ ಹುಚ್ಚು ಹಿಡಿಯಿತು. ಆರೋಗ್ಯಕ್ಕೆ ಒಳ್ಳೆಯದೆಂದಳು. ಹೆಪ್ಪುಗಟ್ಟಿದ ದಾರಿಯಲ್ಲಿ ನಡೆದು ಬಂದವಳ ಕೆನ್ನೆ ಕೆಂಪಾಗಿ, ಹೊಟ್ಟೆ ತುಂಬಿ, ತುಟಿಯಂಚಿನಲ್ಲಿ ಮೊಟ್ಟೆಯ ಹಳದಿ ಅಂಟಿಕೊಂಡಿರುವುದನ್ನು ಅರ್ನಾಲ್ಡ್ ಕೊನೆಗೂ ಗಮನಿಸಿದ. ಒಂದು ಬೆಳಿಗ್ಗೆ ಪರದೆ ಸರಿಸಿ ನೋಡಿದರೆ ವಾಯುವಿಹಾರ ಪಕ್ಕದ ದೋಣಿಯ ಬಾಗಿಲಲ್ಲೇ ಮುಗಿಯುತ್ತಿತ್ತು. ಒಳಗಿಂದ ಗ್ವಿಲಿಮ್‌ನ ಹಾಡು, ಜೊತೆಗೆ ಮೇವಿಸ್‌ಳ ನಗು. ಆ ನಗುವನ್ನು ಅವನು ಎಷ್ಟೋ ಕಾಲದಿಂದ ಕೇಳಿರಲಿಲ್ಲ. ತಣ್ಣನೆಯ ಬ್ರೆಡ್ಡು ಕೈಯಲ್ಲಿ ಹಿಡಿದೇ ನಿಂತ. ಅಸೂಯೆಯೋ ಹಸಿವೋ ಅವನಿಗೇ ತಿಳಿಯಲಿಲ್ಲ.

ಅವಳು ಬಂದಾಗ ಕೇಳಿದ: "ಅವನಿಗೆ ಹೇಳ್ಬಿಟ್ಯಾ?"

"ನಾನೇನು ಹೇಳಲಿ? ಎರಡನೇ ದಿನಾನೇ ಅವನು ಎರಡು ಮೊಟ್ಟೆ ಜಾಸ್ತಿ ಒಡೆದಿಟ್ಟಿದ್ದ. ನಿನ್ನ ಕಪ್ಪಲ್ಲಿ ಹಬೆ ಇಲ್ಲದ್ದು ಕುರುಡನಿಗೂ ಕಾಣತ್ತೆ. ಅವನು ನಿಂಗೆ ಏನೂ ಅನ್ನಲ್ಲ ಅಂತ ಮಾತು ಕೊಟ್ಟಿದಾನೆ. ನೀನು ಗ್ಯಾಸ್ ಬದಲಾಯಿಸು, ಇಲ್ಲ ಹೆಂಡತಿ ಬದಲಾಯಿಸು."

ಸಿದ್ಧಾಂತ ಆ ಕ್ಷಣವೇ ಕುಸಿಯಿತು. ಜಂಭ ಮಾತ್ರ ನಿಂತಿತ್ತು. ಗ್ವಿಲಿಮ್ ಹಲ್ಲಿನ ವೈದ್ಯರ ಬಳಿ ಹೋಗುವ ದಿನವನ್ನು ಕಾದು, ಪಕ್ಕದ ಪಟ್ಟಣದ ಫಿಟ್ಟರ್ ಒಬ್ಬನನ್ನು ಕರೆಸಿದ. ನೀಲಿಯ ರೆಗ್ಯುಲೇಟರ್ ಕೆಂಪಿಗೆ ಹೊಂದುವುದಿಲ್ಲ, ಒತ್ತಡವೂ ಬೇರೆ, ತಿರುಪೂ ಬೇರೆ. ಫಿಟ್ಟರ್ ಹೊಸ ರೆಗ್ಯುಲೇಟರ್ ಕೂರಿಸಿ, ಸೋರಿಕೆ ನೋಡಿ, ತಾನು ತಂದ ಕೆಂಪು ಸಿಲಿಂಡರ್ ಜೋಡಿಸಿ ಹೋದ. ಒಲೆ ಭರ್ರೆಂದು ಉರಿಯಿತು. ಅರ್ನಾಲ್ಡ್ ಬಿಸಿ ಚಹಾ ಕುಡಿದ. ಕಣ್ಣಲ್ಲಿ ನೀರು ಬಂತು. ಈ ಸಲ ನಾಲಿಗೆ ನಿಜವಾಗಿಯೂ ಸುಟ್ಟಿತ್ತು.

ಅಲ್ಲಿಗೇ ನಿಲ್ಲಿಸಿದ್ದರೆ ಅವನು ಅರ್ನಾಲ್ಡ್ ಆಗುತ್ತಿರಲಿಲ್ಲ. ಪೆಟ್ಟಿಗೆಯ ಮುಚ್ಚಳ ಯಾರಾದರೂ ತೆಗೆದರೆ? ದೋಣಿಗೆ ಹಚ್ಚಿ ಉಳಿದಿದ್ದ ನೀಲಿ ಬಣ್ಣದ ಡಬ್ಬಿ ತೆಗೆದು, ಕೆಂಪು ಸಿಲಿಂಡರಿಗೆ ಮೇಲಿಂದ ಕೆಳಗಿನವರೆಗೆ ಬಳಿದ. ಒಣಗಿದ ಮೇಲೆ ಇನ್ನೊಮ್ಮೆ ಬಳಿದ. ಸ್ವಂತ ಮಗುವಿನ ತೊಟ್ಟಿಲಿಗೂ ಆತ ಅಷ್ಟು ನಾಜೂಕಾಗಿ ಬಣ್ಣ ಹಚ್ಚಿರಲಿಲ್ಲ. ಮೇವಿಸ್ ಒಮ್ಮೆ ಇಣುಕಿ ನೋಡಿ ಒಳಗೆ ಹೋದಳು. ಕೆಲವು ವಿಷಯಗಳಿಗೆ ಮಾತು ದಂಡ.

ಮರುದಿನ ಗ್ವಿಲಿಮ್‌ನನ್ನು ಅವನೇ ಕರೆದು ಮುಚ್ಚಳ ಎತ್ತಿ ತೋರಿಸಿದ. "ನೋಡು, ನೀಲಿ. ಉರೀತಿದೆ."

ಗ್ವಿಲಿಮ್ ಬಗ್ಗಿ ನೋಡಿದ, ಮೂಗಿಗೆ ಬಣ್ಣದ ವಾಸನೆ ಬಡಿಯಿತು. ಕೊಟ್ಟ ಮಾತು ನೆನಪಾಗಿ ತುಟಿ ಬಿಗಿ ಹಿಡಿದ. "ಪವಾಡ ಕಣಯ್ಯಾ," ಎಂದಷ್ಟೇ ಹೇಳಿ ತನ್ನ ದೋಣಿಗೆ ಓಡಿದ. ಅಲ್ಲಿ ಬಹಳ ಹೊತ್ತು ಯಾರೋ ದಿಂಬಿನಲ್ಲಿ ಮುಖವಿಟ್ಟು ಕೆಮ್ಮಿದಂತೆ ಸದ್ದಾಗುತ್ತಿತ್ತು.

ಕಾಲುವೆಯ ಮಂಜುಗಡ್ಡೆ ಕರಗಿ, ಕಲ್ಲಿದ್ದಲನ್ನೂ ಗ್ಯಾಸನ್ನೂ ಮಾರುವ ಟಿಲ್ಲಿಯ ದೋಣಿ ಬಂದಾಗ ಅಕ್ಕಪಕ್ಕದವರೆಲ್ಲ ದಂಡೆಯಲ್ಲಿ ಸೇರಿದ್ದರು. ಟಿಲ್ಲಿ ದನಿ ಎತ್ತಿದರೆ ಆಚೆ ಸೇತುವೆಯ ದನಗಳು ತಿರುಗಿ ನೋಡಬೇಕು. ಅರ್ನಾಲ್ಡ್ ಖಾಲಿ ಸಿಲಿಂಡರನ್ನು ಗೋಣಿಯಲ್ಲಿ ಸುತ್ತಿ ತಂದು, "ಒಂದು ಸಿಲಿಂಡರ್," ಎಂದು ಪಿಸುಗುಟ್ಟಿದ.

"ನೀಲಿ ತಾನೇ ನಿಂದು?" ಎಂದು ಗೋಣಿ ಕಿತ್ತವಳು ಸಿಲಿಂಡರಿನ ತಲೆಯ ಮೇಲಿನ ತಿರುಪು ನೋಡಿದಳು. ಉಗುರಿನಿಂದ ಕೆರೆದಳು. ಕೆಳಗಿಂದ ಕೆಂಪು ಇಣುಕಿತು. "ಅಯ್ಯೋ ಅರ್ನಾಲ್ಡ್! ಇದಕ್ಯಾಕೆ ವೇಷ ಹಾಕಿದೀಯ?"

ದಂಡೆ ತುಂಬ ನಗು ಉಕ್ಕಿತು. ಗ್ವಿಲಿಮ್ ಮಾತ್ರ ಕೊಟ್ಟ ಮಾತಿಗೆ ಕಟ್ಟುಬಿದ್ದು ಆಕಾಶ ನೋಡುತ್ತಿದ್ದ, ಹೊಟ್ಟೆಯಷ್ಟೇ ಕುಲುಕುತ್ತಿತ್ತು.

ಟಿಲ್ಲಿ ನಗು ನಿಲ್ಲಿಸಿ ಗದರಿದಳು: "ತಮಾಷೆ ಅಲ್ಲ ಇದು. ಸಿಲಿಂಡರ್ ಕಂಪನಿದು, ನಿಂದಲ್ಲ. ಬೆಂಕಿ ಬಿದ್ರೆ ಆರಿಸೋರು ಬಣ್ಣ ನೋಡಿ ಒಳಗೇನಿದೆ ಅಂತ ತಿಳ್ಕೋತಾರೆ. ಕೆರೆದು ಕೆಂಪು ಮಾಡಿ ಕೊಡು, ಆಮೇಲೆ ಬೇರೆದು."

ಹೀಗೆ ಅರ್ನಾಲ್ಡ್ ದಂಡೆಯ ಮೇಲೆ ಮುಕ್ಕಾಲಿ ಹಾಕಿಕೊಂಡು, ಹೋಗಿಬರುವವರ ಕುಶಲ ವಿಚಾರಣೆಗಳ ನಡುವೆ, ತಂತಿ ಬ್ರಷ್ಷಿನಿಂದ ಸಿಲಿಂಡರ್ ಉಜ್ಜತೊಡಗಿದ. ಎರಡು ಸಲ ಬಳಿದದ್ದು ಅಷ್ಟು ಸುಲಭಕ್ಕೆ ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ಗ್ವಿಲಿಮ್ ಇನ್ನೊಂದು ಬ್ರಷ್ಷು ತಂದು ಎದುರಿಗೆ ಕೂತ.

"ಅನ್ನೋದೇನಿದ್ರೂ ಅಂದ್ಬಿಡು," ಎಂದ ಅರ್ನಾಲ್ಡ್.

"ಮೇವಿಸ್‌ಗೆ ಮಾತು ಕೊಟ್ಟಿದೀನಲ್ಲ."

"ಆಗಲಿ. ಒಂದೇ ಒಂದು ಮಾತು ಅನ್ನು. ನಂಗೂ ಹಗುರ ಆಗತ್ತೆ."

ಗ್ವಿಲಿಮ್ ಯೋಚಿಸಿದ. "ಬಣ್ಣ ಚೆನ್ನಾಗಿ ಹಚ್ಚಿದ್ದೆ."

ಅರ್ನಾಲ್ಡ್ ನಕ್ಕ, ಅವನ ಮಟ್ಟಿಗೆ ಅದು ದೊಡ್ಡ ಘಟನೆ. ಒಳಗಿಂದ ಮೇವಿಸ್ ಇಬ್ಬರನ್ನೂ ಊಟಕ್ಕೆ ಕರೆದಳು.

ಪಶ್ಚಾತ್ತಾಪ ಮನುಷ್ಯನನ್ನು ತಿದ್ದುತ್ತದೆ ಎಂದು ನಂಬುವವರು ಮುಂದಿನ ಶರತ್ಕಾಲಕ್ಕೆ ಅಲ್ಲಿಗೆ ಬರಬೇಕಿತ್ತು. ಹೊಸದಾಗಿ ದೋಣಿ ಕೊಂಡ ಯುವ ದಂಪತಿ ಪಕ್ಕದಲ್ಲಿ ಬಂದು ನಿಂತರು. ಅವರು ನೀಲಿ ಸಿಲಿಂಡರ್ ಇಳಿಸುವುದು ಕಂಡದ್ದೇ ತಡ, ಅರ್ನಾಲ್ಡ್ ಬೆನ್ನ ಹಿಂದೆ ಕೈಕಟ್ಟಿ ಟಿಕೆಟ್ ಇಲ್ಲದ ಪ್ರಯಾಣಿಕರ ಬಳಿ ಹೋದಂತೆ ಹೋದ.

"ನೀಲಿನಾ? ಚಳಿಗಾಲಕ್ಕಾ?" ಎಂದು ತಲೆ ಅಲ್ಲಾಡಿಸಿದ. "ತಿಳಿದೋರು ಯಾರೂ ಅದನ್ನ ಇಟ್ಕೊಳ್ಳಲ್ಲ. ಕೆಂಪು ತಗೊಳ್ಳಿ. ನಾನು ಮೊದಲಿಂದಲೂ ಇದನ್ನೇ ಹೇಳ್ಕೊಂಡು ಬಂದಿದೀನಿ, ಬೇಕಾದ್ರೆ ಇವನನ್ನ ಕೇಳಿ."

ಗ್ವಿಲಿಮ್ ಬಾಯಿ ತೆರೆದ. ಹಿಂದೆ ನಿಂತಿದ್ದ ಮೇವಿಸ್ ಅವನ ತೋಳು ಬಲವಾಗಿ ಚಿವುಟಿದಳು.

"ಹೌದು," ಎಂದ ಗ್ವಿಲಿಮ್, "ಅವನು ಹೇಳಿದ್ದು ಈ ದಂಡೆಯವರು ಯಾರೂ ಮರೆಯೋ ಹಾಗಿಲ್ಲ."

ಅರ್ನಾಲ್ಡ್ ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡು, ರೆಗ್ಯುಲೇಟರಿನ ವಿಷಯಕ್ಕೆ ಬಂದ.