ನೇಟಿವ್ ಯಾವುದು?

ಮದ್ರಾಸಿನಲ್ಲಿ ಹೊಸಬರು ಪರಿಚಯವಾದರೆ ಹೆಸರು ಕೇಳಿದ ಮೇಲೆ ಕೇಳುವ ಪ್ರಶ್ನೆ ಒಂದೇ: 'ನೇಟಿವ್ ಯಾವುದು?' ನಮ್ಮ ಮನೆಯಲ್ಲಿ ಅದಕ್ಕೆ ಉತ್ತರವೂ ಒಂದೇ: 'ಮೈಸೂರು ಪಕ್ಕ.' ತಾತ ರೈಲ್ವೆ ಕೆಲಸಕ್ಕೆಂದು ಇಲ್ಲಿಗೆ ಬಂದವರು. ಅಪ್ಪ ಇಲ್ಲೇ ಹುಟ್ಟಿ ಅದೇ ರೈಲ್ವೆಯಲ್ಲಿ ದುಡಿದು ನಿವೃತ್ತರಾದರು. ಅಕ್ಕನೂ ನಾನೂ ಹುಟ್ಟಿದ್ದು ರೈಲ್ವೆ ಆಸ್ಪತ್ರೆಯಲ್ಲಿ. ಆ ಮೈಸೂರು ಪಕ್ಕದ ಊರನ್ನು ನಾನು ಕಣ್ಣಿಂದ ಕಂಡವಳಲ್ಲ. ಅಪ್ಪ ಯಾವುದೋ ಮದುವೆಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ನೋಡಿದ್ದರಂತೆ, ಅಷ್ಟೇ. ಆದರೂ ಯಾರು ಕೇಳಿದರೂ ಎದೆಯುಬ್ಬಿಸಿ ಮೈಸೂರು ಎನ್ನುತ್ತಿದ್ದರು, ನಾವು ಗಿಳಿಪಾಠ ಒಪ್ಪಿಸುತ್ತಿದ್ದೆವು. ಮನೆಯಲ್ಲಿ ಆಡುವ ಕನ್ನಡದಲ್ಲಿ ಅರ್ಧ ತಮಿಳೇ ಇರುತ್ತಿತ್ತು, ಅದು ಬೇರೆ ಮಾತು.

ಇದೊಂದು ಅಭ್ಯಾಸದಿಂದ ನಮ್ಮ ಅಕ್ಕನಿಗೆ ಇಂಗ್ಲೆಂಡಿನ ಚಿಕಿತ್ಸೆ ತಪ್ಪಿಹೋಯಿತು ಎಂದರೆ ಯಾರೂ ನಂಬುವುದಿಲ್ಲ. ನಾನು ನಂಬುತ್ತೇನೆ.

ಅಕ್ಕ ನರ್ಸು. ಮದ್ರಾಸಿನಲ್ಲೇ, ಕೀಲ್ಪಾಕ್‌ನ ಸರ್ಕಾರಿ ಆಸ್ಪತ್ರೆಯಲ್ಲಿ ತರಬೇತಿ ಪಡೆದು ಅಲ್ಲೇ ಕೆಲವು ವರ್ಷ ಕೆಲಸ ಮಾಡಿದಳು. ಆಮೇಲೆ ಇಂಗ್ಲೆಂಡಿಗೆ ಹೋದಳು. ಮದುವೆ ಮಾಡಿಕೊಳ್ಳಲಿಲ್ಲ. ಅಲ್ಲಿನ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ಮುದುಕರ ವಾರ್ಡು ನೋಡಿಕೊಳ್ಳುತ್ತಾ ತಲೆ ಬೆಳ್ಳಗಾದಳು. ಶಾಶ್ವತವಾಗಿ ಅಲ್ಲಿರಬಹುದು ಎಂಬ ಪರವಾನಗಿ ಸಿಕ್ಕಿತ್ತು. ಆದರೆ ಪಾಸ್‌ಪೋರ್ಟ್ ಮಾತ್ರ ಇಂಡಿಯಾದ್ದೇ. ಬದಲಾಯಿಸಿಕೋ ಎಂದು ಅಲ್ಲಿನ ಗೆಳತಿಯರೆಲ್ಲ ಹೇಳಿದರೂ ಕೇಳಲಿಲ್ಲ. 'ಅಪ್ಪ ಬೈತಾರೆ' ಎನ್ನುತ್ತಿದ್ದಳು. ಅಪ್ಪ ಹೋದ ಮೇಲೂ ಅದನ್ನೇ ಹೇಳುತ್ತಿದ್ದಳು. ಸತ್ತವರು ಬೈಯುವುದಿಲ್ಲ ಕಣೇ ಎಂದು ನಾನು ಫೋನಿನಲ್ಲಿ ರೇಗಿಸಿದರೆ, ನಿನಗೆ ಗೊತ್ತಿಲ್ಲ ನಮ್ಮಪ್ಪನ ವಿಷಯ ಎಂದು ನಗುತ್ತಿದ್ದಳು.

ಅಕ್ಕ ನಿವೃತ್ತಳಾದ ಮೇಲೆ, ಮದ್ರಾಸಿನ ಅಂಚಿನ ತಾಂಬರಂನಲ್ಲಿ ನಮ್ಮ ಮನೆಯಲ್ಲಿದ್ದ ಅಮ್ಮ ಹಾಸಿಗೆ ಹಿಡಿದರು. ಎರಡು ತಿಂಗಳು ಇದ್ದು ಹೋಗುತ್ತೇನೆ ಎಂದು ಅಕ್ಕ ಬಂದಳು. ಅಮ್ಮನದು ಆ ಕಡೆಗೂ ಇಲ್ಲ ಈ ಕಡೆಗೂ ಇಲ್ಲ ಎನ್ನುವ ಸ್ಥಿತಿ. ಇವತ್ತು ಹೋಗುತ್ತೇನೆ, ನಾಳೆ ಹೋಗುತ್ತೇನೆ ಎನ್ನುತ್ತಲೇ ಅಕ್ಕ ಅಮ್ಮನ ಬೆನ್ನಿಗೆ ಹುಣ್ಣಾಗದಂತೆ ಮಗ್ಗುಲು ಬದಲಾಯಿಸುತ್ತಾ ಉಳಿದುಬಿಟ್ಟಳು. ಅಮ್ಮ ಕಣ್ಣು ಮುಚ್ಚುವ ಹೊತ್ತಿಗೆ ಎರಡು ವರ್ಷ ದಾಟಿತ್ತು. ಎರಡು ವರ್ಷ ದೇಶದ ಹೊರಗಿದ್ದರೆ ಆ ಪರವಾನಗಿ ತಾನಾಗಿಯೇ ರದ್ದಾಗುತ್ತದೆ. ಅಕ್ಕನಿಗೆ ಅದು ಗೊತ್ತಿತ್ತೋ ಇಲ್ಲವೋ, ನನಗಂತೂ ಗೊತ್ತಿರಲಿಲ್ಲ.

ಅಮ್ಮನ ವರ್ಷಾಂತಿಕಕ್ಕೆ ಮುಂಚೆಯೇ ಅಕ್ಕನ ಕಾಲು ಊದಿಕೊಳ್ಳತೊಡಗಿತು. ಮೂತ್ರಪಿಂಡಗಳು ಕೈಕೊಟ್ಟಿದ್ದವು. ವಾರಕ್ಕೆ ಮೂರು ಸಲ ಡಯಾಲಿಸಿಸ್ ಬೇಕು ಎಂದರು. ಜೀವಮಾನವಿಡೀ ಬೇರೆಯವರಿಗೆ ಸೂಜಿ ಚುಚ್ಚಿದವಳು ತನ್ನ ತೋಳು ಚಾಚಿ ಮಲಗಬೇಕಾಯಿತು.

ನಾನು ದುಡಿದದ್ದು ವಿಮಾ ಕಚೇರಿಯಲ್ಲಿ. ಯಾರಿಗೆ ಅರ್ಹತೆ ಇದೆ, ಯಾರಿಗಿಲ್ಲ ಎಂದು ಹೇಳುವುದೇ ನನ್ನ ಕೆಲಸವಾಗಿತ್ತು. ಆ ಪದವನ್ನು ಎಷ್ಟು ಸಲೀಸಾಗಿ ಬಳಸುತ್ತಿದ್ದೆ ಎಂದು ನೆನೆದರೆ ಈಗ ಮೈ ಉರಿಯುತ್ತದೆ. ನಿವೃತ್ತಿಯ ನಂತರವೂ ನನಗೆ, ನನ್ನ ಗಂಡನಿಗೆ ಆಸ್ಪತ್ರೆ ಖರ್ಚು ಸಿಗುತ್ತದೆ. ಅಕ್ಕನನ್ನು ಸೇರಿಸಬಹುದೇ ಎಂದು ನನ್ನ ಹಳೆಯ ಕಚೇರಿಗೇ ಹೋಗಿ ಕೇಳಿದೆ. ಕುಟುಂಬ ಎಂದರೆ ಗಂಡ, ಹೆಂಡತಿ, ಮಕ್ಕಳು. ಒಡಹುಟ್ಟಿದವರು ಕುಟುಂಬವಲ್ಲ. ನನಗೆ ಗೊತ್ತಿದ್ದದ್ದೇ. ಆದರೂ ಗೊತ್ತಿಲ್ಲದವಳ ಹಾಗೆ ಕೇಳಿಸಿಕೊಂಡು ಬಂದೆ. ಈ ವಯಸ್ಸಿಗೆ, ಈ ಕಾಯಿಲೆಗೆ ಹೊಸದಾಗಿ ವಿಮೆ ಕೊಡುವವರು ಯಾರೂ ಇರಲಿಲ್ಲ. ಕೀಲ್ಪಾಕ್‌ನಲ್ಲಿ ಅಕ್ಕ ಮಾಡಿದ್ದ ಸರ್ಕಾರಿ ಸೇವೆ ಪಿಂಚಣಿಗೆ ಸಾಲುವಷ್ಟಿರಲಿಲ್ಲ, ಇಂಗ್ಲೆಂಡಿನ ಸೇವೆಯನ್ನು ಇದಕ್ಕೆ ಕೂಡಿಸುವ ಹಾಗಿರಲಿಲ್ಲ. ಇಂಗ್ಲೆಂಡಿನ ಪಿಂಚಣಿ ಇಲ್ಲಿಗೆ ಬರುತ್ತಿತ್ತು, ಚಿಕಿತ್ಸೆ ಬರುತ್ತಿರಲಿಲ್ಲ. ಅಲ್ಲಿ ವಾಸವಾಗಿರುವವರಿಗೆ ಮಾತ್ರ ಅದು. ಎಷ್ಟು ವರ್ಷ ದುಡಿದೆ ಎಂದು ಯಾರೂ ಕೇಳುವುದಿಲ್ಲ, ಈಗ ಎಲ್ಲಿದ್ದೀಯ ಎಂದಷ್ಟೇ ಕೇಳುತ್ತಾರೆ.

ಶೋಳಿಂಗನಲ್ಲೂರಿನ ಸಾಫ್ಟ್ವೇರ್ ಕಂಪನಿಗೆ ಕೆಲಸಕ್ಕೆ ಹೋಗುವ ನನ್ನ ಮಗಳು ಕಂಪ್ಯೂಟರಿನ ಮುಂದೆ ಕೂತು ಒಂದು ದಾರಿ ಹುಡುಕಿದಳು. ಪರವಾನಗಿ ರದ್ದಾದವರು ಮತ್ತೆ ಅರ್ಜಿ ಹಾಕಬಹುದು. ನನ್ನ ಮನೆ ಇಂಗ್ಲೆಂಡಿನಲ್ಲೇ, ತಾಯಿಯ ಶುಶ್ರೂಷೆಗೆಂದು ಬಂದು ತಡವಾಯಿತು, ಈಗ ಮನೆಗೆ ಮರಳುತ್ತಿದ್ದೇನೆ ಎಂದು ಅಧಿಕಾರಿಗೆ ಒಪ್ಪಿಗೆಯಾಗುವ ಹಾಗೆ ಹೇಳಬೇಕು. ಒಪ್ಪಿದರೆ ಡಯಾಲಿಸಿಸ್ ಅಲ್ಲಿ ಪೂರ್ತಿ ಉಚಿತ. ಬದಲಿ ಮೂತ್ರಪಿಂಡಕ್ಕೂ ಹೆಸರು ಬರೆಸಬಹುದೇನೋ ಎಂಬ ಆಸೆ. ಅಕ್ಕ ಇನ್ನಷ್ಟು ವರ್ಷ ಬದುಕುತ್ತಾಳೆ ಎಂಬುದು ಬಿಟ್ಟು ನನಗೆ ಬೇರೇನೂ ಬೇಕಿರಲಿಲ್ಲ. ಅವಳು ದೂರವಾಗುತ್ತಾಳೆ ಎಂದು ಗೊತ್ತಿದ್ದೂ ಅರ್ಜಿಗೆ ಬೇಕಾದ ಕಾಗದಗಳನ್ನು ನಾನೇ ಜೋಡಿಸಿಕೊಟ್ಟೆ.

ಅರ್ಜಿ ಹಾಕಿದ ಮೇಲೆ, ಕೆಲವು ಪ್ರಶ್ನೆ ಕೇಳಲು ವೀಸಾ ಕಚೇರಿಯಿಂದ ಫೋನ್ ಮಾಡುತ್ತಾರೆ ಎಂದು ತಿಳಿದಾಗ ಮಗಳು ದೊಡ್ಡಮ್ಮನಿಗೆ ಪಾಠ ಶುರುಮಾಡಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಂದ ಬರುವುದು ತಮಿಳೇ. "ಪೆರಿಮ್ಮಾ, 'ಹೋಮ್ ಎಂಗೇ'ನ್ನು ಕೇಟ್ಟಾ, ಇಂಗ್ಲೆಂಡ್ ಊರ್ ಪೇರ್ ಸೊಲ್ಲಣುಂ. ಸೆರಿಯಾ?" ಮನೆ ಎಲ್ಲಿ ಎಂದರೆ ಅಲ್ಲಿನ ಊರ ಹೆಸರು ಹೇಳಬೇಕು ಎಂದು ಮತ್ತೆ ಮತ್ತೆ ಹೇಳಿದಳು.

"ಸೆರಿ ಕಣೇ, ನಾನೇನ್ ಎಲ್‌ಕೆಜಿ ಮಗುನಾ?" ಎಂದಳು ಅಕ್ಕ.

ಫೋನ್ ಬಂದದ್ದು ಒಂದು ಮಧ್ಯಾಹ್ನ. ಊಟದ ಮೇಜಿನ ಮೇಲೆ ಸ್ಪೀಕರ್ ಹಾಕಿಟ್ಟೆವು. ಅಕ್ಕನ ಮುಂದೆ ಅವಳ ಪುಟ್ಟ ಲೋಟ ಇತ್ತು. ನೀರು ಕುಡಿಯಲು ಮಿತಿ ಇದ್ದದ್ದರಿಂದ ಚೆನ್ನೈ ಬಿಸಿಲಿನಲ್ಲಿ ಅವಳು ಅದರಲ್ಲಿ ಐಸ್ ಚೂರು ಹಾಕಿಕೊಂಡು ಚೀಪುತ್ತಿದ್ದಳು. ಆ ಕಡೆಯ ಹೆಂಗಸಿನ ಧ್ವನಿ ಮೆತ್ತಗಿತ್ತು, ಮರ್ಯಾದೆ ಇತ್ತು. ಯಾವಾಗ ಬಂದಿರಿ, ಯಾಕೆ ಬಂದಿರಿ, ತಾಯಿಗೆ ಏನಾಗಿತ್ತು ಎಂದೆಲ್ಲ ಕೇಳಿತು. ತಾಯಿ ಹೋದದ್ದಕ್ಕೆ ಸಂತಾಪವನ್ನೂ ಹೇಳಿತು. ಅಕ್ಕ ವಾರ್ಡಿನಲ್ಲಿ ಡಾಕ್ಟರಿಗೆ ವರದಿ ಒಪ್ಪಿಸುವ ಹಾಗೆ ಅಚ್ಚುಕಟ್ಟಾಗಿ ಉತ್ತರಿಸುತ್ತಾ ಹೋದಳು. ಕೊನೆಗೆ, ಮಾತು ಮುಗಿಸುವ ಮುಂಚೆ ಆ ಹೆಂಗಸು ಕೇಳಿದ್ದು: ಹಾಗಾದರೆ ನಿಮ್ಮ ಮನೆ ಎಲ್ಲಿ ಎಂದು ಹೇಳುತ್ತೀರಿ?

"ಮದ್ರಾಸ್," ಎಂದಳು ಅಕ್ಕ.

ಮಗಳು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಆ ಹೆಂಗಸಿಗೆ ಸರಿಯಾಗಿ ಕೇಳಿಸಲಿಲ್ಲವೇನೋ, ಇನ್ನೊಮ್ಮೆ ಹೇಳುತ್ತೀರಾ ಎಂದಳು. ಅದು ದೇವರು ಕೊಟ್ಟ ಅವಕಾಶ ಎಂದುಕೊಂಡೆ. ನಾನು ಅಕ್ಕನ ಮೊಣಕೈ ಚಿವುಟಿದೆ.

"ಮದ್ರಾಸ್. ಈಗ ಚೆನ್ನೈ ಅಂತಾರೆ," ಎಂದು ಅಕ್ಕ ಇಂಗ್ಲಿಷಿನಲ್ಲಿ ಇನ್ನೂ ಸ್ಪಷ್ಟವಾಗಿ ಹೇಳಿದಳು.

ಫೋನ್ ಇಟ್ಟ ಮೇಲೆ ನನಗೆ ದುಃಖಕ್ಕಿಂತ ಮೊದಲು ಬಂದದ್ದು ಸಿಟ್ಟು. ಬಾಯಿಗೆ ಬಂದ ಹಾಗೆ ಬೈದೆ. ಸಾಯಬೇಕು ಅಂತಲೇ ಇದ್ದೀಯಾ ಎಂದುಬಿಟ್ಟೆ. ಅಕ್ಕ ಐಸ್ ಚೂರನ್ನು ಬಾಯಲ್ಲಿ ಆಚೀಚೆ ಹೊರಳಿಸುತ್ತಿದ್ದಳು.

"ಬೇಕಂತ ಹೇಳ್ಲಿಲ್ಲ ಕಣೇ," ಎಂದಳು ಕೊನೆಗೆ. "ಅಲ್ಲಿ ಅಷ್ಟು ವರ್ಷ ಬಸ್ಸಲ್ಲಿ, ವಾರ್ಡಲ್ಲಿ, ಯಾರ್ ಕೇಳಿದ್ರೂ ಮದ್ರಾಸ್ ಅಂತ್ಲೇ ಹೇಳಿದ್ದು. ಮೈಸೂರು ಪಕ್ಕ ಅಂದ್ರೆ ಅವ್ರಿಗೇನ್ ತೆರಿಯುತ್ತೆ? ಆ ಹೆಂಗ್ಸು ಕೇಳಿದ್ದೂ ಹಂಗೇ ಇತ್ತು. ಬಾಯಿಗೆ ಅದೇ ಬಂತು."

"ಎರಡನೇ ಸಲ ಕೇಳಿದಾಗ?"

"ಎರಡನೇ ಸಲ ನಿಜ ಅನ್ನಿಸ್ತು."

ಅದಾದ ಮೇಲೆ ನಾನು ಬೈಯಲಿಲ್ಲ. ಮೈಸೂರು ನಮ್ಮದೆಂದು ಮದ್ರಾಸಿನಲ್ಲಿ ಕೂತು ಹೇಳಿದೆವು, ಮದ್ರಾಸು ನಮ್ಮದೆಂದು ಇವಳು ಇಂಗ್ಲೆಂಡಿನಲ್ಲಿ ಕೂತು ಹೇಳಿದಳು. ಕಾಲ ಕೆಳಗಿನ ಊರನ್ನು ನಮ್ಮದು ಎಂದು ಹೇಳುವ ಬಾಯಿ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅವತ್ತು ಆ ಮೇಜಿನ ಮುಂದೆ ಅಕ್ಕನಿಗೆ ಮೊದಲ ಸಲ ಬಂತು, ಹೇಳಬಾರದ ಹೊತ್ತಿನಲ್ಲಿ ಬಂತು.

ಕೆಲವು ವಾರಗಳಲ್ಲಿ ಅರ್ಜಿ ತಿರಸ್ಕೃತವಾಯಿತು. ಅವರನ್ನು ದೂರುವ ಹಾಗಿಲ್ಲ, ಅವರು ಕೇಳಿದರು, ಇವಳು ಹೇಳಿದಳು. ಮತ್ತೊಮ್ಮೆ ಹಾಕೋಣ ಎಂದು ಮಗಳು ಹಟ ಹಿಡಿದಳು. ಅಕ್ಕ ಅವಳ ತಲೆ ಸವರಿ, ಬೇಡ ಬಿಡು ಚಿನ್ನಾ ಎಂದಳು.

ಡಯಾಲಿಸಿಸ್‌ಗೆ ಕೀಲ್ಪಾಕ್‌ನ ಸರ್ಕಾರಿ ಆಸ್ಪತ್ರೆಗೇ ಹೋಗತೊಡಗಿದೆವು, ಖಾಸಗಿ ಆಸ್ಪತ್ರೆಯ ಖರ್ಚು ಇನ್ನು ತಡೆಯುವಂತಿರಲಿಲ್ಲ. ತಾಂಬರಂನಿಂದ ಎಲೆಕ್ಟ್ರಿಕ್ ಟ್ರೈನಿನಲ್ಲಿ ಚೇತ್‌ಪೇಟ್, ಅಲ್ಲಿಂದ ಆಟೋ. ಹೋಗುವಾಗ ಅಕ್ಕ ಕಿಟಕಿ ಪಕ್ಕ ಕೂತು ಒಂದೊಂದೇ ಸ್ಟೇಷನ್ನಿನ ಹೆಸರನ್ನು ತಾನೇ ಮೊದಲು ಹೇಳುತ್ತಿದ್ದಳು. ಬರುವಾಗ ನನ್ನ ಭುಜಕ್ಕೆ ತಲೆ ಒರಗಿಸಿದರೆ ತಾಂಬರಂ ಬಂದರೂ ಎಬ್ಬಿಸಬೇಕಾಗುತ್ತಿತ್ತು. ಆಸ್ಪತ್ರೆಯ ಚಿಕ್ಕ ಚಿಕ್ಕ ನರ್ಸುಗಳಿಗೆ, ನಾನು ನಿಮ್ಮ ಸೀನಿಯರ್, ನನ್ನ ಹತ್ತಿರ ಬಾಲ ಬಿಚ್ಚಬೇಡಿ ಎಂದು ತಮಿಳಿನಲ್ಲಿ ಹೆದರಿಸುತ್ತಿದ್ದಳು. ಅವರು 'ಸೀನಿಯರಮ್ಮಾ' ಎಂದು ಕರೆದು ಪ್ರೀತಿಯಿಂದ ನೋಡಿಕೊಂಡರು. ಒಬ್ಬಳು ಮಲ್ಲಿಗೆ ಮುಡಿಸಿ ಕಳಿಸಿದ್ದೂ ಉಂಟು. ಅಕ್ಕನಿಗೆ ಅಲ್ಲಿ ಯಾವ ಕೊರತೆಯೂ ಆಗಲಿಲ್ಲ. ಆದರೆ ದಾರಿ ಅವಳನ್ನು ಸೋಲಿಸುತ್ತಿತ್ತು, ಬಿಸಿಲು ಸೋಲಿಸುತ್ತಿತ್ತು, ಹೃದಯವೂ ಸೋಲುತ್ತಾ ಬಂತು. ಪ್ರತಿ ಸಲ ಸ್ಟೇಷನ್ನಿನ ಮೆಟ್ಟಿಲ ಹತ್ತಿರ ಅವಳು ನಿಂತು ಉಸಿರು ತೆಗೆದುಕೊಳ್ಳುವಾಗ, ಆ ಒಂದು ಪದ ಬೇರೆಯಾಗಿದ್ದಿದ್ದರೆ ಎಂದು ನನಗೆ ಅನ್ನಿಸುತ್ತಿತ್ತು. ಈಗಲೂ ಅನ್ನಿಸುತ್ತದೆ. ಅವಳಿಗೆ ಹಾಗೆ ಅನ್ನಿಸಿತ್ತೇ ಎಂದು ನಾನು ಕೇಳಲಿಲ್ಲ.

ಒಂದು ಬೆಳಿಗ್ಗೆ ಕಾಫಿ ಕೇಳಿದಳು. ಅವಳ ಪುಟ್ಟ ಲೋಟದಲ್ಲಿ ಅರ್ಧಕ್ಕೆ ಬೆರೆಸಿ ತರುವಷ್ಟರಲ್ಲಿ ಹೋಗಿಬಿಟ್ಟಿದ್ದಳು.  ನನ್ನ ಗಂಡ ಬಂದು ನನ್ನ ಕೈಯಿಂದ ಲೋಟ ತೆಗೆದುಕೊಂಡರು.

ಹೆಂಗಸರು ಮಸಣಕ್ಕೆ ಬರಬಾರದು ಎಂದು ಬಂಧುಗಳು ಗೊಣಗಿದರು. ನಾನೂ ಮಗಳೂ ಹೋದೆವು. ವಿದ್ಯುತ್ ಚಿತಾಗಾರದ ಕಿಟಕಿಯಲ್ಲಿ ಕೂತಿದ್ದವನು ಹೆಸರು, ವಯಸ್ಸು ಬರೆದುಕೊಂಡ. ನಾನು ಮಗಳಿಗೆ ಕನ್ನಡದಲ್ಲಿ ಏನೋ ಹೇಳಿದ್ದು ಕೇಳಿ ತಲೆಯೆತ್ತಿದ. ಬೇರೆ ಭಾಷೆ ಕಿವಿಗೆ ಬಿದ್ದರೆ ಈ ಊರಿನಲ್ಲಿ ಎಲ್ಲರೂ ಕೇಳುವುದನ್ನೇ ಅವನೂ ಕೇಳಿದ.

"ಅವಂಗ ನೇಟಿವ್ ಎಂದ ಊರು ಮಾ?" ಅವರ ನೇಟಿವ್ ಯಾವ ಊರು ಎಂದು.

ನನ್ನ ಮಗಳಿಗೆ ಕನ್ನಡದಲ್ಲಿ ನಾಲ್ಕು ಮಾತು ಜೋಡಿಸಲು ಬರುವುದಿಲ್ಲ. ಆದರೆ ಮನೆಯ ಗಿಳಿಪಾಠ ಅವಳಿಗೂ ಬಂದಿತ್ತು. ಅಳುತ್ತಲೇ, "ಮೈಸೂರು ಪಕ್..." ಎಂದು ಶುರುಮಾಡಿದಳು. ನಾನು ಅವಳ ಕೈ ಹಿಡಿದು ನಿಲ್ಲಿಸಿದೆ.

"ಇಂದ ಊರುದಾನ್," ಎಂದೆ. ಇದೇ ಊರು.

ಅವನು ಚೆನ್ನೈ ಎಂದು ಬರೆದುಕೊಂಡು ಪಕ್ಕಕ್ಕೆ ನಿಲ್ಲಲು ಹೇಳಿದ.