ಮುಕ್ಕಾಲು ಇಂಚಿನ ಸಹಾಯ

ಇಪ್ಪತ್ತೆರಡು ವರ್ಷದಿಂದ ಆ ಹೊಲಿಗೆ ಅಂಗಡಿಯಲ್ಲಿ ಟೇಪು ಹೆಂಡತಿಯದು, ಕತ್ತರಿ ಗಂಡನದು. ಅವಳು ಬರೆದುಕೊಟ್ಟ ಅಳತೆಗೆ ಅವನು ಎರಡು ಮಾತಾಡದೆ ಬಟ್ಟೆ ಕತ್ತರಿಸುತ್ತಿದ್ದ. ಬೀದಿಯವರಿಗೆ ಅವನು ಕತ್ತರಿಯಣ್ಣ.

ಕಳೆದ ವರ್ಷದಿಂದ ಅವಳ ಮೈ ಅವಳ ಮಾತು ಕೇಳುತ್ತಿರಲಿಲ್ಲ. ಗಿರಾಕಿಯ ಭುಜ ಅಳೆಯುತ್ತಿದ್ದಂತೆ ಕತ್ತಿನಿಂದ ಮೇಲೆ ಬೆಂಕಿ ಹತ್ತಿದ ಹಾಗಾಗುತ್ತಿತ್ತು. ಬೆವರಿಳಿದು ಎರಡೇ ನಿಮಿಷಕ್ಕೆ ಚಳಿ. ಅವಳಿಗೆ ನಿದ್ದೆಯಿಲ್ಲ, ಹಾಗಾಗಿ ಅವನಿಗೂ ಇಲ್ಲ. "ಮುಟ್ಟು ನಿಲ್ಲೋ ಕಾಲ. ಸ್ವಲ್ಪ ಮರೆವೂ ಬರಬಹುದು. ನೀವು ಜೊತೆಗಿರಿ," ಎಂದಿದ್ದರು ಡಾಕ್ಟರಮ್ಮ. ಜೊತೆಗಿರುವುದೆಂದರೆ ಏನು ಮಾಡುವುದೆಂದು ಅವರು ಹೇಳಲಿಲ್ಲ, ಅವನೂ ಕೇಳಲಿಲ್ಲ.

ಒಮ್ಮೆ ಅವಳು ಎದೆಯ ಅಳತೆಯನ್ನು ಸೊಂಟದ ಸಾಲಿನಲ್ಲಿ ಬರೆದಳು. ಅವನು ಸದ್ದಿಲ್ಲದೆ ತಿದ್ದಿದ. ಅಂದಿನಿಂದ ಅವಳು ಬರೆದ ಪ್ರತಿ ಅಳತೆಗೂ ಮುಕ್ಕಾಲು ಇಂಚು ಸೇರಿಸಿಯೇ ಕತ್ತರಿಸತೊಡಗಿದ. ಸಡಿಲವಾದರೆ ಒಳಗೆ ಹಿಡಿಯಬಹುದು, ಬಿಗಿಯಾದರೆ ಬಟ್ಟೆಯೇ ಹೋಯಿತು. ಅವಳಿಗೆ ಹೇಳಿ ನೋಯಿಸುವುದೇಕೆ ಎಂದು ಬಾಯಿ ಹೊಲಿದುಕೊಂಡ.

ಈ ತಿಂಗಳ ಮೂರನೇ ಸಡಿಲ ಕೋಟು ವಕೀಲರದು. "ಏನಮ್ಮಾ, ಇದ್ರೊಳಗೆ ನನ್ನ ಕಕ್ಷಿದಾರನೂ ಹಿಡಿಸ್ತಾನಲ್ಲ!" ಎಂದು ನಕ್ಕು ಕೋಟು ಬಿಟ್ಟುಹೋದರು. ಅವಳು ಟೇಪನ್ನು ಸುತ್ತಿ ಅವನ ಮುಂದಿಟ್ಟಳು.

"ನಾಳೆಯಿಂದ ನೀವೇ ಅಳೀರಿ. ನನ್ನ ಕೈ ಹೋಯ್ತು."

ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಅವನು ಹೆದರಿದ. ಸುಮ್ಮನಿದ್ದುಬಿಟ್ಟರೆ ಇವತ್ತಿನ ಮಟ್ಟಿಗೆ ಜಗಳ ತಪ್ಪುತ್ತದೆ ಎಂದು ದಣಿದ ಮನಸ್ಸು ಹೇಳಿತು. ಆದರೂ ಅವನು ಬಾಯಿಬಿಟ್ಟ.

"ನಿನ್ನ ಅಳತೆ ಸರಿಯಾಗೇ ಇತ್ತು ಕಣೇ. ಮುಕ್ಕಾಲು ಇಂಚು ನಾನು ಸೇರಿಸಿದ್ದು."

"ಈ ಕೋಟಿಗಾ?"

"ಎಲ್ಲದಕ್ಕೂ. ಮೂರು ತಿಂಗಳಿಂದ."

ಅವಳು ಸ್ಟೂಲಿನ ಮೇಲೆ ಕೂತಳು. "ತಲೆ ಕೆಟ್ಟಿದೆ ಅಂದ್ಕೊಂಡು ಒಬ್ಬೊಬ್ಬರನ್ನೂ ಎರಡೆರಡು ಸಲ ಅಳೀತಿದ್ದೆ. ನೀವು ಎದುರಿಗೇ ನಿಂತು ನೋಡ್ತಿದ್ರಿ."

"ಸಹಾಯ ಆಗ್ಲಿ ಅಂತ..."

"ತಪ್ಪು ಕಂಡ್ರೆ ಬಾಯ್ಬಿಟ್ಟು ಹೇಳೋದು ಸಹಾಯ. ಇದು ಮಗೂನ ಚಿವುಟಿ ತೊಟ್ಟಿಲು ತೂಗೋದು."

"ಚಿವುಟ್ತಿದೀನಿ ಅಂತ ನಂಗೇ ಗೊತ್ತಾಗ್ಲಿಲ್ಲ."

ಅವಳು ವಕೀಲರ ಕೋಟು ಎಳೆದುಕೊಂಡು, ಒಳಗೆ ಹಿಡಿಯಲು ಮಿಷನ್ನಿಗೆ ಕೂತಳು.

ಮೂರು ಗಂಟೆಗೆ ಒಬ್ಬ ನರ್ಸು ಉದ್ದ ತೋಳಿನ ಸಮವಸ್ತ್ರ ಹೊಲಿಸಲು ಬಂದಳು. ಹೆಂಡತಿ ಒಂದು ಗಳಿಗೆ ಕೂತಲ್ಲಿಂದಲೇ ನೋಡಿ, ತಾನೇ ಎದ್ದು ಟೇಪು ತೆಗೆದುಕೊಂಡಳು. ನಡುವೆ ಬೆವರಿಳಿಯಿತು; ಗೋಡೆ ಹಿಡಿದು ನಿಂತು, ಮುಖ ಒರೆಸಿ, ಅಳತೆ ಮುಗಿಸಿ, ಚೀಟಿ ಕೊಟ್ಟಳು. ಅವನು ಓದಿದ. ಕಣ್ಣು ಒಂದು ಕಡೆ ನಿಂತಿತು. ನರ್ಸಿನ ಎದುರು ಹೇಳುವುದೋ ಬೇಡವೋ ಎಂದು ಚೀಟಿಯನ್ನು ಇನ್ನೊಮ್ಮೆ ಓದಿದ.

"ತೋಳು ಮೂವತ್ತೆರಡು ಅಂತಿದೆಯಲ್ಲೇ?"

ಅವಳು ಮತ್ತೆ ಟೇಪು ಹಿಡಿದಳು. "ಇಪ್ಪತ್ತೆರಡು."

"ಮೂವತ್ತೆರಡೇ ಇರ್ಲಿ ಬಿಡಕ್ಕ," ಎಂದಳು ನರ್ಸು, "ಎರಡು ವಾರ್ಡಿಗೂ ಕೂತಲ್ಲಿಂದಲೇ ಕೈ ಚಾಚ್ತೀನಿ."

ಹೆಂಡತಿ ಚೀಟಿ ತಿದ್ದಿದಳು. ಅವನು ಇಪ್ಪತ್ತೆರಡಕ್ಕೇ ಗೆರೆ ಎಳೆದ. ಅವಳು ಬಗ್ಗಿ ಗೆರೆಯನ್ನು ಅಳೆದು ನೋಡಿ, "ಹೂಂ, ಹಾಕಿ ಕತ್ತರಿ," ಎಂದಳು.