ಸೊಳ್ಳೆಪರದೆಯೊಳಗೆ ಅತ್ತೆ

ಮಾರಿಷಸ್‌ನಿಂದ ಅತ್ತೆಯ ಮಗಳು ಬರೆದ ಕಾಗದದಲ್ಲಿ ಎರಡು ಪುಟ ಬರೀ ಎಚ್ಚರಿಕೆಗಳೇ ಇದ್ದವು. ಗಿಡ, ಬೀಜ, ಹಣ್ಣು, ಮಣ್ಣು ತರಬೇಡಿ, ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ. ವಾಪಸು ಟಿಕೆಟ್ಟು, ಉಳಿಯುವ ಮನೆಯ ವಿಳಾಸ ಕೈಯಲ್ಲೇ ಇರಲಿ. ಸಮುದ್ರಕ್ಕೆ ಬರಿಗಾಲಲ್ಲಿ ಇಳಿಯಬಾರದು, ಕಲ್ಲಿನ ಹಾಗೇ ಕಾಣುವ ವಿಷದ ಮೀನಿದೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು. ನಾನು ಚಿಕ್ಕಮಗಳೂರಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದೆ. ಇಂಗ್ಲಿಷ್ ಬರುತ್ತದೆ ಎಂಬ ಒಂದೇ ಕಾರಣಕ್ಕೆ, ಮೂಡಿಗೆರೆಯ ಹತ್ತಿರ ತೋಟದಲ್ಲಿದ್ದ ಸೋದರತ್ತೆಯ ಜೊತೆ ಹೋಗಲು ನನ್ನನ್ನು ಆರಿಸಿದ್ದರು. ಅವರ ಅಳಿಯ ಅಲ್ಲಿ ಸಕ್ಕರೆ ಕಾರ್ಖಾನೆಯಲ್ಲಿ ಇಂಜಿನಿಯರ್. ತವರಿನಲ್ಲಿ ಆಗಬೇಕಿದ್ದ ಚೊಚ್ಚಲ ಹೆರಿಗೆ ಅಲ್ಲೇ ಆಗಿತ್ತು. ಅತ್ತೆಗೆ ಉಳಿದಿದ್ದದ್ದು ಒಂದೇ ಆಸೆ: ಮೊಮ್ಮಗುವನ್ನು ಮಡಿಲಿಗೆ ಹಾಕಿಕೊಳ್ಳಬೇಕು.

ಕಾಗದ ಓದಿ ಹೇಳಿದೆ.

“ಅಲ್ಲಿ ರಕ್ತ ಹೀರೋ ಇಂಬಳ ಇದ್ಯಂತಾ?”

“ಸಮುದ್ರದಲ್ಲಿ ಎಲ್ಲಿಂದ ಅತ್ತೆ ಇಂಬಳ?”

“ಹಂಗಾರೆ ನಮ್ ತೋಟಕ್ಕಿಂತ ವಾಸಿ ಬಿಡು ಮಾರಾಯ್ತಿ. ಸೊಳ್ಳೆ ಹ್ಯಾಂಗಿರ್ತವೋ, ಪರದೆ ಇಟ್ಕೊಳನ.”

ಪೆಟ್ಟಿಗೆಯಿಂದ ನಾನು ಎರಡು ಸಲ ಮೆಣಸಿನ ಬಳ್ಳಿಯ ತುಂಡುಗಳನ್ನು ತೆಗೆದು ಹೊರಗಿಟ್ಟೆ. ಪರದೆ ಉಳಿಯಿತು.

ಹೊರಡುವುದಕ್ಕೆ ಹತ್ತು ದಿನವಿರುವಾಗ ಅತ್ತೆ ಮಂಗಳೂರಿಗೆ ಮದುವೆಗೆಂದು ಹೋಗಿ ಬಂದು, ಎರಡು ದಿನ ಕಂಬಳಿ ಹೊದ್ದು ನಡುಗುತ್ತಾ ಮಲಗಿದರು. ಮಾತ್ರೆಗೆ ಜ್ವರ ಬಿಟ್ಟಿತು. ಉಳಿದವರೆಲ್ಲ ಮರೆತೆವು.

ವಿಮಾನ ಇಳಿಯುವ ಮೊದಲು ಕೊಟ್ಟ ಫಾರಂನಲ್ಲಿ, ಇತ್ತೀಚೆಗೆ ಜ್ವರ ಬಂದಿತ್ತೇ ಎಂಬ ಪ್ರಶ್ನೆಯಿತ್ತು. ಅತ್ತೆಯ ಫಾರಂನಲ್ಲಿ ನಾನು ‘ಇಲ್ಲ’ ಎಂದು ಗುರುತು ಹಾಕಿದ್ದೆನೋ, ಹಾಕಲು ಹೊರಟಿದ್ದೆನೋ, ಈಗ ಖಚಿತವಾಗಿ ಹೇಳಲಾರೆ. ದಿನಚರಿಯಲ್ಲಿ ‘ಫಾರಂ ತುಂಬಿದೆ’ ಎಂದಷ್ಟೇ ಇದೆ. ನನಗೆ ಅನುಕೂಲವಾಗುವಷ್ಟನ್ನೇ ಬರೆದುಕೊಂಡಿರಬೇಕು. ಅತ್ತೆ ಏನದು ಎಂದು ಕೇಳಿದರು, ಹೇಳಿದೆ.

“ಬಂದಿತ್ತಲ್ಲ, ಹಂಗೇ ಬರಿ.”

“ಬರೆದ್ರೆ ವಾಪಸ್ ಕಳಿಸ್ತಾರೆ ಅತ್ತೆ.”

“ಕಳಿಸ್ಲಿ. ಎಳೆ ಮಗು ಇರೋ ಮನೆಗೆ ಸುಳ್ಳು ಹೇಳ್ಕೊಂಡು ಹೋಗ್ಲಾ?”

‘ಹೌದು’ ಎಂದೇ ಬರೆದೆ. ವಾಪಸ್ಸು ಕಳಿಸಲಿಲ್ಲ. ಆರೋಗ್ಯ ಇಲಾಖೆಯವರೊಬ್ಬರು ನಮ್ಮನ್ನು ಪಕ್ಕಕ್ಕೆ ಕರೆದು, ಅತ್ತೆಯ ಬೆರಳಿಗೆ ಸೂಜಿ ಚುಚ್ಚಿ ಗಾಜಿನ ಪಟ್ಟಿಗೆ ರಕ್ತ ತೆಗೆದುಕೊಂಡರು. ಅವರ ಇಂಗ್ಲಿಷನ್ನು ನಾನು ಕನ್ನಡಕ್ಕೆ ತಂದೆ: ಈ ದ್ವೀಪದಲ್ಲಿ ಮಲೇರಿಯಾ ಹೋಗಿದೆ, ಅದನ್ನು ಹರಡುವ ಸೊಳ್ಳೆ ಹೋಗಿಲ್ಲ. ಒಬ್ಬರ ಮೈಯಲ್ಲಿ ರೋಗವಿದ್ದು ಸೊಳ್ಳೆ ಕಚ್ಚಿದರೆ ಸಾಕು, ಮತ್ತೆ ಶುರುವಾದೀತು. ಫಲಿತಾಂಶವನ್ನು ನಾವೇ ಮನೆಗೆ ಬಂದು ತಿಳಿಸುತ್ತೇವೆ, ಅಲ್ಲಿಯವರೆಗೆ ಸಂಜೆಯ ಮೇಲೆ ಸೊಳ್ಳೆ ಕಚ್ಚದಂತೆ ನೋಡಿಕೊಳ್ಳಿ.

ಕಾರಿನಲ್ಲಿ ಹೋಗುವಾಗ ಪಕ್ಕದಲ್ಲೇ ಸಮುದ್ರ. ದಡದ ಹತ್ತಿರ ಎಳೆಹಸಿರು, ದೂರದಲ್ಲಿ ನೊರೆಯ ಬಿಳಿ ಗೆರೆ, ಅದರಾಚೆ ನಾನು ಎಂದೂ ಕಾಣದ ನೀಲಿ. ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಅತ್ತೆ ನೋಡುತ್ತಿದ್ದದ್ದು ತಮ್ಮ ಬೆರಳನ್ನು.

“ಒಂದ್ ಇಡೀ ದೇಶ ನನ್ನೊಬ್ಳ ಜ್ವರಕ್ಕೆ ಹೆದರ್ತದಾ?” ಎಂದರು. ಕೋಪವಿರಲಿಲ್ಲ, ಅಚ್ಚರಿಯಿತ್ತು.

ಆ ದ್ವೀಪದಿಂದ ನಮ್ಮನ್ನು ಕಾಪಾಡಿಕೊಳ್ಳುವುದು ಹೇಗೆಂದು ತಿಂಗಳುಗಟ್ಟಲೆ ಯೋಚಿಸಿದ್ದೆ. ನಮ್ಮಿಂದ ಅದಕ್ಕೆ ಅಪಾಯವಿರಬಹುದೆಂದು, ಇಷ್ಟು ಓದಿದ ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಮಗಳು ಮಗುವನ್ನೆತ್ತಿಕೊಂಡು ಬಾಗಿಲಿಗೆ ಬಂದಳು. ಅತ್ತೆ ಮೆಟ್ಟಿಲ ಮೇಲೇ ನಿಂತು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡರು. “ಹತ್ರ ತರ್ಬೇಡ.” ಹಿಂದಿನ ಕೋಣೆಯಲ್ಲಿ ಪರದೆ ಕಟ್ಟಿಸಿ, ಹಗಲಲ್ಲೇ ಅದರೊಳಗೆ ಕೂತುಬಿಟ್ಟರು.

“ಅತ್ತೆ, ಅದು ಮುಟ್ಟಿದ್ರೆ ಬರೋ ಕಾಯಿಲೆ ಅಲ್ಲ,” ಎಂದರು ಅಳಿಯ. “ಸಂಜೆ ಮೇಲೆ ಒಳಗಿದ್ರೆ ಸಾಕು.”

“ಸೊಳ್ಳೆ ಏನ್ ವಾಚ್ ಕಟ್ಕೊಂಡಿರ್ತದಾ?”

ಮಗಳಿಗೆ ಅಳುವೂ ನಗುವೂ ಒಟ್ಟಿಗೆ ಬಂತು. “ನೋಡೇ, ಉತ್ಸವಮೂರ್ತಿ ಥರ ಕೂತಿದಾಳೆ. ಮಂಗಳಾರತಿ ತರ್ಲೇನಮ್ಮ?”

“ತಾ. ಬಾಗ್ಲಲ್ಲೇ ನಿಂತು ಎತ್ತು.”

ಮರುದಿನ ಊಟದ ತಟ್ಟೆ ಒಳಗೆ ಸರಿಸುವಾಗ ನಾನೂ ಹೇಳಿ ನೋಡಿದೆ. ಅತ್ತೆ ಅನ್ನ ಕಲಸುವುದನ್ನು ನಿಲ್ಲಿಸಿದರು.

“ನಂಗೊಬ್ಬ ತಮ್ಮ ಇದ್ದ. ಮೂರು ವರ್ಷದವ್ನು. ಚಳಿಜ್ವರ ಬಂದು ಬಂದು ಹೊಟ್ಟೆ ಎಡಗಡೆ ಗಡ್ಡೆ ಕಟ್ಟಿತ್ತು. ನಂಗೂ ಜ್ವರ, ಅವ್ನಿಗೂ ಜ್ವರ, ನಾನೇ ಸೊಂಟದ ಮೇಲೆ ಹೊತ್ಕೊಂಡು ತಿರುಗ್ತಿದ್ದೆ. ಹೋಗ್ಬಿಟ್ಟ. ಸೊಳ್ಳೆಯಿಂದ ಅಂತ ಆಗ ನಮಗೆ ಗೊತ್ತಿರ್ಲಿಲ್ಲ. ಈಗ ಗೊತ್ತಿದ್ದೂ ಹ್ಯಾಂಗೆ ಎತ್ಕೊಳ್ಲಿ?”

ನಮ್ಮ ಬೆಟ್ಟಗಳಲ್ಲಿ ಆ ಜ್ವರ ಮನೆ ಮನೆಗಳನ್ನೇ ಬರಿದು ಮಾಡಿದ್ದನ್ನು ನಾನು ಚರಿತ್ರೆಯೆಂದು ಓದಿದ್ದೆ. ಅದನ್ನು ಸೊಂಟದ ಮೇಲೆ ಹೊತ್ತವರು ನನ್ನೆದುರಿಗೆ ಕೂತಿದ್ದರು.

ಅತ್ತೆ ಮೂರು ಹಗಲು ಪರದೆಯೊಳಗಿದ್ದರೆಂದು ನನ್ನ ನೆನಪು. ದಿನಚರಿಯ ಪ್ರಕಾರ ಒಂದೂವರೆ ದಿನ. ಎರಡನೆಯ ದಿನ ಮಧ್ಯಾಹ್ನ ಆರೋಗ್ಯ ಇಲಾಖೆಯವರು ಬೈಕಿನಲ್ಲಿ ಬಂದು, ರಕ್ತದಲ್ಲಿ ಏನೂ ಇಲ್ಲ, ಮತ್ತೆ ಜ್ವರ ಕಂಡರೆ ಮಾತ್ರ ತಕ್ಷಣ ಆಸ್ಪತ್ರೆಗೆ ಬನ್ನಿ ಎಂದರು.

“ಬೇರೆಯವ್ರ ರಕ್ತ ನೋಡಿಲ್ಲ ತಾನೆ? ಕೇಳು.”

ಕೇಳಿದೆ. ಅವರು ನಕ್ಕು, ಕಾಗದದಲ್ಲಿ ಅತ್ತೆಯ ಹೆಸರು ತೋರಿಸಿದರು.

ಬೀಳ್ಕೊಡಲು ಗೇಟಿನವರೆಗೆ ಹೋದೆ. ಅವರ ಫೈಲಿನ ತುಂಬ ಹೆಸರು, ವಿಳಾಸ, ಎಲ್ಲೆಲ್ಲಿಂದಲೋ ಬಂದಿಳಿದವರು. ಕತ್ತಲಾಗುವುದರೊಳಗೆ ಇನ್ನೂ ಮೂರು ಮನೆ ಇದೆಯೆಂದು ಹೇಳಿ ಕಬ್ಬಿನ ಗದ್ದೆಗಳ ನಡುವೆ ಹೊರಟುಹೋದರು. ಒಂದು ನಾಡು ತನ್ನ ಜ್ವರವನ್ನು ಹೀಗೆ ಬಾಗಿಲು ಬಾಗಿಲು ತಟ್ಟಿ ಹೊರಗಿಡುತ್ತದಲ್ಲ ಎಂದು, ಬೈಕಿನ ಸದ್ದು ಅಡಗುವವರೆಗೂ ನಿಂತೇ ಇದ್ದೆ.

ಹೀಗಾಗಿ, ನೋಡಬೇಕಾದದ್ದನ್ನೇ ನೋಡಲಿಲ್ಲ. ಅತ್ತೆ ಪರದೆ ಸರಿಸಿ ಹೊರಬಂದದ್ದು, ಕೈಕಾಲು ತೊಳೆದದ್ದು, ಕುರ್ಚಿ ಬಿಟ್ಟು ನೆಲದ ಮೇಲೆ ಕಾಲು ಚಾಚಿ ಕೂತದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ, ಆದರೆ ಅದು ಮಗಳು ಹೇಳಿದ್ದು. ನಾನು ಒಳಗೆ ಬಂದಾಗ ಕಂಡದ್ದು ಇಷ್ಟೇ: ಮಗು ಮಡಿಲಲ್ಲಿ ನಿದ್ದೆ ಹೋಗಿತ್ತು, ಅತ್ತೆ ಅದರ ಎರಡೂ ಪಾದಗಳನ್ನು ಒಂದೇ ಅಂಗೈಯಲ್ಲಿ ಹಿಡಿದುಕೊಂಡು ಸುಮ್ಮನೆ ಕೂತಿದ್ದರು.